ಅಜ್ಜಿಗೂ ಮೊಮ್ಮಗಳಿಗೂ ಒಂದೇ ಪುಸ್ತಕ

ಪತ್ರಿಕೆಯಲ್ಲಿ ಕೆಲಸ ಮಾಡುವವರು ಸಿಕ್ಕರೆ ಜನ ಎರಡು ಪ್ರಶ್ನೆ ಕೇಳುತ್ತಾರೆ. ಚುನಾವಣೆಯಲ್ಲಿ ಯಾರು ಗೆಲ್ಲುತ್ತಾರೆ ಎನ್ನುವುದು ಮೊದಲನೆಯದು. ಮಕ್ಕಳಿಗೆ ಯಾವ ಕನ್ನಡ ಪುಸ್ತಕ ಕೊಡಿಸಲಿ ಎನ್ನುವುದು ಎರಡನೆಯದು. ಮೊದಲನೆಯದಕ್ಕೆ ನಾನು ನಕ್ಕು ಸುಮ್ಮನಾಗುತ್ತೇನೆ. ಎರಡನೆಯದಕ್ಕೆ ಮರುಪ್ರಶ್ನೆ ಹಾಕುತ್ತೇನೆ: ಮನೆಯಲ್ಲಿ ಅಜ್ಜ, ಅಜ್ಜಿ ಇದ್ದಾರಾ?

ಇದ್ದರೆ ಪುಸ್ತಕ ಆರಿಸುವ ಬಗೆಯೇ ಬೇರೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಎಷ್ಟೋ ಮಕ್ಕಳು ಕನ್ನಡವನ್ನು ಸರಾಗವಾಗಿ ಮಾತಾಡುತ್ತಾರೆ, ಓದಲು ಕೂತರೆ ಒತ್ತಕ್ಷರದಲ್ಲಿ ತಡವರಿಸುತ್ತಾರೆ. ಹಿರಿಯರಿಗೆ ಪದಗಳೆಲ್ಲ ಗೊತ್ತು, ಸಣ್ಣ ಅಕ್ಷರ ಕಾಣುವುದಿಲ್ಲ. ನಮ್ಮ ಮನೆಯಲ್ಲೂ ಹಾಗೇ. ಅಮ್ಮನಿಗೆ ಹತ್ತು ನಿಮಿಷ ಓದಿದರೆ ಕಣ್ಣಲ್ಲಿ ನೀರು, ಆರನೇ ಕ್ಲಾಸಿನ ಮಗಳಿಗೆ ಹತ್ತು ಸಾಲು ಓದಿದರೆ ಆಕಳಿಕೆ. ಅದಕ್ಕೇ ಇಬ್ಬರನ್ನೂ ಒಂದೇ ಪುಸ್ತಕದ ಮುಂದೆ ಕೂರಿಸಿದೆ. ಮಗಳು ಗಟ್ಟಿಯಾಗಿ ಓದುತ್ತಾಳೆ, ಅಮ್ಮ ಅರ್ಥ ಹೇಳುತ್ತಾರೆ. ಹೀಗೆ ಜೊತೆಯಾಗಿ ಓದಿದರೆ ರುಚಿ ಹೆಚ್ಚುವ ನಾಲ್ಕು ಪುಸ್ತಕಗಳನ್ನು ನಿಮಗೂ ಹೇಳುತ್ತೇನೆ.

ಚಿಕ್ಕ ಮಕ್ಕಳಿಗೆ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’. ಜರ್ಮನಿಯ ಹ್ಯಾಮೆಲಿನ್ ಊರಿನ ಹಳೆಯ ಕಥೆಯನ್ನು ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗ್ ಪದ್ಯ ಮಾಡಿ 1842ರಲ್ಲಿ ಪ್ರಕಟಿಸಿದರು. ಕುವೆಂಪು ಅದನ್ನು ತುಂಗೆಯ ದಡಕ್ಕೆ ಕರೆತಂದರು. ಇಲಿಗಳ ದಂಡು ಬರುವ ಕಡೆ ಯಾವ ಮಗುವೂ ಸುಮ್ಮನೆ ಕೂರುವುದಿಲ್ಲ. ಎಷ್ಟೋ ಅಜ್ಜಂದಿರಿಗೆ ಇದು ಬಾಯಿಪಾಠವೇ ಆಗಿರುತ್ತದೆ, ಕನ್ನಡಕವೂ ಬೇಡ. ಆದರೆ ನಗಿಸುವ ಈ ಪದ್ಯದೊಳಗೆ ಒಂದು ಕಹಿ ಇದೆ. ಊರ ಗೌಡ ಕೊಟ್ಟ ಮಾತಿಗೆ ತಪ್ಪುತ್ತಾನೆ, ಅದರ ಫಲ ಮಕ್ಕಳ ತಲೆಗೆ ಬರುತ್ತದೆ. ‘ದೊಡ್ಡವರ ತಪ್ಪಿಗೆ ಮಕ್ಕಳಿಗೆ ಯಾಕಜ್ಜಿ ಶಿಕ್ಷೆ?’ ಎಂದು ಮಗಳು ಕೇಳಿದಳು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅದನ್ನ ಜೋಗಿಯನ್ನಲ್ಲ, ನಮ್ಮಂಥ ದೊಡ್ಡವರನ್ನೇ ಕೇಳಬೇಕು ಕಣೇ’ ಎಂದರು.

ಐದನೇ ಕ್ಲಾಸು ದಾಟಿದವರಿಗೆ ‘ತೊತ್ತೋ ಚಾನ್’. ಜಪಾನಿನ ತೆತ್ಸುಕೊ ಕುರೊಯಾನಾಗಿ ತಮ್ಮ ಬಾಲ್ಯದ ಶಾಲೆಯ ಬಗ್ಗೆ ಬರೆದ ಈ ಪುಸ್ತಕ 1981ರಲ್ಲಿ ಬಂತು, ಕನ್ನಡದಲ್ಲೂ ಇದೆ. ತುಂಟತನ ತಾಳಲಾರದೆ ಮೊದಲ ಶಾಲೆ ಈ ಹುಡುಗಿಯನ್ನು ಹೊರಗೆ ಹಾಕುತ್ತದೆ. ಹೊಸ ಶಾಲೆಯಲ್ಲಿ ಹಳೆಯ ರೈಲುಡಬ್ಬಿಗಳೇ ತರಗತಿಗಳು! ಅಲ್ಲಿನ ಹೆಡ್‌ಮಾಸ್ಟರು ಕೊಬಾಯಾಶಿ ಮೊದಲ ದಿನವೇ ಅವಳ ಮಾತನ್ನು ನಾಲ್ಕು ಗಂಟೆ ಕೇಳಿಸಿಕೊಳ್ಳುತ್ತಾರೆ. ಪೋಲಿಯೊ ಆದ ಗೆಳೆಯನನ್ನು ಅವಳು ಮರ ಹತ್ತಿಸುವ ಭಾಗ ಬಂದಾಗ ಪುಸ್ತಕ ಕೆಳಗಿಡಲು ಆಗುವುದಿಲ್ಲ. 1945ರಲ್ಲಿ ಯುದ್ಧದ ಬಾಂಬು ಬಿದ್ದು ಆ ಶಾಲೆ ಸುಟ್ಟುಹೋಯಿತು. ಈ ಪುಸ್ತಕ ಮುಗಿದ ದಿನ ಅಜ್ಜ ಅಜ್ಜಿಯರು ತಮ್ಮ ಶಾಲೆಯ ಕಥೆ ಹೇಳಲಿ. ಮಕ್ಕಳೇ, ನಾಲ್ಕು ಗಂಟೆ ಬೇಡ, ಅರ್ಧ ಗಂಟೆ ನಡುವೆ ಬಾಯಿ ಹಾಕದೆ ಕೇಳಿ ನೋಡಿ.

ಮೂರನೆಯದು ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಹಳ್ಳಿಯ ಚಿತ್ರಗಳು’. ಗೊರೂರು ಎಂದರೆ ಈಗಿನವರಿಗೆ ಹೇಮಾವತಿ ಅಣೆಕಟ್ಟು. ಈ ಪುಸ್ತಕದಲ್ಲಿರುವುದು ಅಣೆಕಟ್ಟು ಬರುವ ಎಷ್ಟೋ ಮೊದಲಿನ ಹಳ್ಳಿ. ಇದನ್ನು ಮಕ್ಕಳ ಕೈಗೆ ಸುಮ್ಮನೆ ಕೊಟ್ಟರೆ ಎರಡು ಪುಟಕ್ಕೆ ಮುಚ್ಚಿಡುತ್ತಾರೆ. ಪಕ್ಕದಲ್ಲಿ ಹಳ್ಳಿ ಕಂಡವರು ಇರಬೇಕು. ನಮ್ಮಲ್ಲಿ ಒಂದು ಪ್ರಬಂಧ ಓದಿದರೆ ಅಮ್ಮನ ಊರಿನ ಕಥೆ ಮೂರು ಬರುತ್ತವೆ. ಏತ, ಕಣ, ಹಗೇವು ಎಲ್ಲ ಹಾಗೇ ಬಂದವು. ‘ಹಗೇವು ಅಂದರೆ?’ ‘ರಾಗಿ ತುಂಬಿಡೋಕೆ ನೆಲದಲ್ಲಿ ತೋಡಿದ ಗುಳಿ. ಕೆಟ್ಟ ವರ್ಷ ಬಂದರೆ ಅದೇ ಜೀವ ಉಳಿಸುತ್ತಿತ್ತು.’ ಮಗಳು ಇಂಥ ಪದಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾಳೆ, ಈಗ 17 ಆಗಿವೆ. ಪುಸ್ತಕ ಇನ್ನೂ ಎಷ್ಟೋ ವರ್ಷ ಕಪಾಟಿನಲ್ಲಿ ಇರುತ್ತದೆ. ಹಗೇವನ್ನು ಕಣ್ಣಾರೆ ಕಂಡವರು ಪಕ್ಕದಲ್ಲಿ ಕೂತು ಹೇಳುವ ಕಾಲ ಅಷ್ಟು ದಿನ ಇರುವುದಿಲ್ಲ. ನಾಲ್ಕು ಪುಸ್ತಕಗಳಲ್ಲಿ ಇದನ್ನೇ ಮೊದಲು ಶುರು ಮಾಡಿ ಎಂದು ನಾನು ಹೇಳುವುದು ಅದಕ್ಕೇ.

ಹೈಸ್ಕೂಲಿನವರಿಗೆ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೋ’. 1980ರಲ್ಲಿ ಬಂದ ಕಾದಂಬರಿ. ಮಲೆನಾಡಿನ ಕಾಡಿನಲ್ಲಿ ಹಾರುವ ಓತಿಯೊಂದನ್ನು ಹುಡುಕಿಕೊಂಡು ಒಂದು ಗುಂಪು ಹೊರಡುತ್ತದೆ. ಈ ಜಾತಿಯ ಓತಿ ಹಕ್ಕಿಯಂತೆ ರೆಕ್ಕೆ ಬಡಿಯುವುದಿಲ್ಲ. ಉದ್ದನೆಯ ಪಕ್ಕೆಲುಬುಗಳಿಗೆ ಅಂಟಿದ ಚರ್ಮವನ್ನು ಕೊಡೆಯಂತೆ ಬಿಚ್ಚಿ ಮರದಿಂದ ಮರಕ್ಕೆ ತೇಲುತ್ತದೆ. ಅದು ಸಿಕ್ಕಿತೇ ಎನ್ನುವುದನ್ನು ನಾನು ಹೇಳುವುದಿಲ್ಲ. ನನಗೆ ಇಷ್ಟವಾಗುವುದು ಮಂದಣ್ಣ. ಊರಿನವರ ಕಣ್ಣಿಗೆ ಅವನು ಕೆಲಸಕ್ಕೆ ಬಾರದವನು. ದೊಡ್ಡ ವಿಜ್ಞಾನಿ ಕರ್ವಾಲೋಗೆ ಮಾತ್ರ ಅವನ ಬೆಲೆ ಗೊತ್ತು, ಯಾಕೆಂದರೆ ಕಾಡನ್ನು ಅವನಂತೆ ನೋಡಬಲ್ಲವರು ಇಲ್ಲ. ಹೆಚ್ಚು ಓದದಿದ್ದರೂ ಮಳೆ, ಮಣ್ಣು, ದನಕರುಗಳ ವಿಷಯ ಬಲ್ಲ ಅಜ್ಜ ನಿಮ್ಮ ಮನೆಯಲ್ಲಿದ್ದರೆ, ಈ ಪುಸ್ತಕ ಓದಿದ ಮೇಲೆ ಅವರನ್ನು ಬೇರೆ ಕಣ್ಣಿನಿಂದ ನೋಡುತ್ತೀರಿ.

ಈ ನಾಲ್ಕನ್ನೂ ಕೊಂಡೇ ಓದಬೇಕೆಂದಿಲ್ಲ. ಹತ್ತಿರದ ಸಾರ್ವಜನಿಕ ಗ್ರಂಥಾಲಯದಲ್ಲೋ ಶಾಲೆಯ ಲೈಬ್ರರಿಯಲ್ಲೋ ವಿಚಾರಿಸಿ. ದಿನಕ್ಕೆ ಹದಿನೈದು ನಿಮಿಷ ಸಾಕು. ಮಗು ತಪ್ಪು ಓದಿದರೆ ತಕ್ಷಣ ತಿದ್ದಬೇಡಿ, ಸಾಲು ಮುಗಿಯಲಿ. ಕೊನೆಗೆ ‘ಏನು ನೀತಿ ಕಲಿತೆ?’ ಎಂದು ಪರೀಕ್ಷೆ ಮಾಡಬೇಡಿ. ಕಥೆ ಕುತೂಹಲದ ಜಾಗಕ್ಕೆ ಬಂದಾಗ ಪುಸ್ತಕ ಮುಚ್ಚಿಬಿಡಿ. ಮಾರನೆಯ ದಿನ ಕನ್ನಡಕ ಹುಡುಕಿಕೊಟ್ಟು ಮಕ್ಕಳೇ ನಿಮ್ಮನ್ನು ಕರೆಯುತ್ತಾರೆ.