ಮಕ್ಕಳ ನಿದ್ದೆ ಕದಿಯುವ ಮೊಬೈಲ್: ಬೈಯುವ ಮೊದಲು ಕೇಳೋಣ

ಬೆಳಗ್ಗೆ 7 ಗಂಟೆಯ ಮದ್ರಸ. ಓದುವ ಸರದಿ ಬಂದಾಗ ಒಬ್ಬ ಹುಡುಗನಿಗೆ ಯಾವ ಆಯತ್ ಎಂದೇ ಗೊತ್ತಿಲ್ಲ. ಪಕ್ಕದವನು ಬೆರಳಿಟ್ಟು ತೋರಿಸಬೇಕು. ಒಂಬತ್ತನೇ ತರಗತಿಯ ಹುಡುಗ. ಹಿಂದೆ ಮೀಲಾದ್ ಕಾರ್ಯಕ್ರಮದಲ್ಲಿ ಕಿರಾಅತ್‌ಗೆ ಬಹುಮಾನ ಪಡೆದವನು. ಎರಡು ವಾರ ಸುಮ್ಮನಿದ್ದೆ. ಒಂದು ದಿನ ಎಲ್ಲರ ಎದುರೇ ಬೈದುಬಿಟ್ಟೆ: "ರಾತ್ರಿ ಇಡೀ ಮೊಬೈಲ್ ಒತ್ತಿ ಇಲ್ಲಿಗೆ ಮಲಗಲಿಕ್ಕೆ ಬರುದಾ?"

ಮದ್ರಸ ಬಿಟ್ಟ ಮೇಲೆ ಅವನೊಬ್ಬನೇ ನಿಂತ. "ಉಸ್ತಾದ್, ಉಪ್ಪ ಫೋನ್ ಮಾಡುದು ಹನ್ನೆರಡೂವರೆಗೆ. ಅದಕ್ಕೆ ಎಚ್ಚರ ಇರುದು" ಎಂದ.

ಉಪ್ಪ ದಮ್ಮಾಮ್‌ನಲ್ಲಿ ಅಂಗಡಿ ಕೆಲಸಕ್ಕಿದ್ದಾರೆ. ಅಲ್ಲಿ ರಾತ್ರಿ 10ಕ್ಕೆ ಡ್ಯೂಟಿ ಮುಗಿಯುವಾಗ ಇಲ್ಲಿ 12:30. ಮಾತು ಹತ್ತು ನಿಮಿಷ. ಆಮೇಲೆ ಉಮ್ಮ ಮಲಗುತ್ತಾರೆ, ಮೊಬೈಲ್ ಹುಡುಗನ ಕೈಯಲ್ಲೇ ಉಳಿಯುತ್ತದೆ. ಒಂದು ರೀಲ್ಸ್ ನೋಡುವಾ ಎಂದು ಶುರುವಾದದ್ದು ಮುಗಿಯುವಾಗ ಎರಡೂವರೆ. ಅದನ್ನೂ ಅವನೇ ಹೇಳಿದ, ಮುಚ್ಚಿಡಲಿಲ್ಲ. ಕೇಳದೆ ಬೈದದ್ದಕ್ಕೆ ನನಗೆ ನಾಚಿಕೆಯಾಯಿತು.

ನಮ್ಮ ಎಷ್ಟೋ ಮನೆಗಳಲ್ಲಿ ಮೊಬೈಲ್ ಬರೀ ಆಟದ ಸಾಮಾನಲ್ಲ. ಗಲ್ಫ್‌ನಲ್ಲಿರುವ ಉಪ್ಪನ ಮುಖ ಕಾಣುವುದೇ ಅದರಲ್ಲಿ. 2020ರಲ್ಲಿ ಕೊರೋನಾದಿಂದ ಶಾಲೆ, ಮದ್ರಸ ಮುಚ್ಚಿದಾಗ ಪಾಠಕ್ಕೆಂದು ನಾವೇ ಮಕ್ಕಳ ಕೈಗೆ ಕೊಟ್ಟೆವು. ಆಮೇಲೆ ವಾಪಸ್ ಕೇಳಲಿಲ್ಲ. ಹಾಗಾಗಿ "ಮೊಬೈಲ್ ಹರಾಮ್, ಬಿಸಾಡಿ" ಎಂದರೆ ಯಾರ ಮನೆಯಲ್ಲೂ ನಡೆಯುವ ಮಾತಲ್ಲ.

ಆದರೆ ಅದು ಮಾಡುವ ಕೆಲಸ ತಿಳಿದಿರಬೇಕು. ಪುಸ್ತಕಕ್ಕೆ ಕೊನೆಯ ಪುಟ ಇದೆ. ರೀಲ್ಸ್‌ಗೆ ಕೊನೆಯೇ ಇಲ್ಲ. ಬೆರಳು ಎಳೆದಷ್ಟೂ ಹೊಸತು ಬರುವಂತೆ ಮಾಡಿಟ್ಟಿದ್ದಾರೆ. ನಿದ್ದೆ ಬರಿಸುವ ಮೆಲಟೋನಿನ್ ಎಂಬ ಹಾರ್ಮೋನ್ ಹದಿಹರೆಯದಲ್ಲಿ ಮೊದಲೇ ತಡವಾಗಿ ಹೆಚ್ಚುತ್ತದೆ. ಕಣ್ಣಿಗೆ ಬೀಳುವ ಬೆಳಕು ಅದನ್ನು ಇನ್ನಷ್ಟು ತಡ ಮಾಡುತ್ತದೆ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಎನ್ನುತ್ತಾರೆ ವೈದ್ಯರು. ಎರಡೂವರೆಗೆ ಮಲಗಿ ಸುಬ್‌ಹಿಗೆ ಏಳುವವನಿಗೆ ಮೂರು ಗಂಟೆಯೂ ಸಿಗುವುದಿಲ್ಲ. ಸಿಟ್ಟು, ಮರೆವು, ಪಾಠದಲ್ಲಿ ಮನಸ್ಸಿಲ್ಲದಿರುವುದು ಎಲ್ಲ ಅದರ ಹಿಂದೆಯೇ ಬರುತ್ತವೆ.

ಇಶಾ ನಮಾಝ್‌ಗೆ ಮುಂಚೆ ನಿದ್ರಿಸುವುದನ್ನೂ, ಇಶಾದ ಬಳಿಕ ಮಾತಿಗೆ ಕೂರುವುದನ್ನೂ ಪ್ರವಾದಿ (ಸ) ಇಷ್ಟಪಡುತ್ತಿರಲಿಲ್ಲ ಎಂದು ಸಹೀಹುಲ್ ಬುಖಾರಿಯ ಹದೀಸ್‌ನಲ್ಲಿದೆ. ಮನೆಯವರೊಂದಿಗಿನ ಮಾತು, ಅತಿಥಿ, ಇಲ್ಮ್ ಇವಕ್ಕೆ ರಿಯಾಯಿತಿ ಇದೆ ಎಂದು ಉಲಮಾಗಳು ವಿವರಿಸಿದ್ದಾರೆ. ಉಪ್ಪನ ಫೋನ್ ಆ ರಿಯಾಯಿತಿಯಲ್ಲಿ ಬರುತ್ತದೆ. ಅದರ ಹಿಂದಿನ ಎರಡು ಗಂಟೆ ಬರುವುದಿಲ್ಲ.

ಆ ಹುಡುಗನ ಉಪ್ಪನಿಗೆ ನಾನೇ ವಾಯ್ಸ್ ಮೆಸೇಜ್ ಹಾಕಿದೆ. ಸ್ವಲ್ಪ ಹೊತ್ತು ಬಿಟ್ಟು ಉತ್ತರ ಬಂತು: "ಅವ ನಿದ್ದೆ ಬಿಟ್ಟು ಕಾಯ್ತಾನೆ ಅಂತ ಗೊತ್ತಿರಲಿಲ್ಲ ಉಸ್ತಾದ್. ನಾನು ಫೋನ್ ಮಾಡುವಾಗ ನಗ್ತಾ ಇರ್ತಾನೆ." ಈಗ ಅವರು ಬೆಳಗ್ಗೆ ಮಾತಾಡುತ್ತಾರೆ. ಮಗ ಮದ್ರಸ ಬಿಟ್ಟು ಬಂದು 8:30ಕ್ಕೆ ನಾಷ್ಟಾಕ್ಕೆ ಕೂರುವಾಗ ಅಲ್ಲಿ 6 ಗಂಟೆ. ಮದ್ರಸಕ್ಕೆ ರಜೆ ಇರುವ ಶುಕ್ರವಾರ ಮಾತು ಸ್ವಲ್ಪ ಉದ್ದ.

ಮನೆಯಲ್ಲಿ ಇನ್ನೊಂದು ಕ್ರಮ ಮಾಡಿದರು. ಇಶಾ ಮುಗಿದು ಊಟವಾದ ಮೇಲೆ ಎಲ್ಲರ ಮೊಬೈಲ್ ಹಾಲ್‌ನ ಮೇಜಿನ ಮೇಲೆ. ಚಾರ್ಜರ್ ಕೂಡ ಅಲ್ಲೇ. ಎಲ್ಲರದ್ದು ಎಂದರೆ ಉಮ್ಮನದ್ದೂ. ನಾವು ಸೀರಿಯಲ್, ಸ್ಟೇಟಸ್ ನೋಡುತ್ತಾ ಮಕ್ಕಳಿಗೆ "ಇಡು" ಎಂದರೆ ಅವರು ಇಡುವುದಿಲ್ಲ. ನನ್ನ ಮನೆಯಲ್ಲೂ ಈಗ ಹಾಗೆಯೇ. ಸುಬ್‌ಹಿಯ ಅಲಾರಂಗೆ ಒಂದು ಗಡಿಯಾರ ತಂದಿದ್ದೇನೆ.

ಮೊಬೈಲ್ ತೆಗೆದರೆ ಹೊಡೆಯಲು ಬರುವುದು, ಊಟ ಬಿಡುವುದು, ಶಾಲೆಗೇ ಹೋಗದಿರುವುದು ಶುರುವಾಗಿದ್ದರೆ ಮರ್ಯಾದೆಗೆ ಅಂಜಿ ಮುಚ್ಚಿಡಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಿಂದ ಕ್ಲಿನಿಕ್ ಇದೆ. ಸರಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಆ ಹುಡುಗ ಈಗಲೂ ಕೆಲವು ದಿನ ತೂಕಡಿಸುತ್ತಾನೆ. ಆದರೆ ಸರದಿ ಬಂದಾಗ ಯಾವ ಆಯತ್ ಎಂದು ಗೊತ್ತಿರುತ್ತದೆ. ಗಲ್ಫ್‌ನಲ್ಲಿ ಇದನ್ನು ಓದುತ್ತಿರುವ ಉಪ್ಪಂದಿರಲ್ಲಿ ಒಂದು ವಿನಂತಿ: ಇವತ್ತು ಫೋನ್ ಮಾಡುವ ಮೊದಲು ಇಲ್ಲಿ ಗಂಟೆ ಎಷ್ಟಾಯಿತು ಎಂದು ಒಮ್ಮೆ ನೋಡಿ.