ಗುಟ್ಟಿನ ಮಾತು ಗಟ್ಟಿಯಾಗಿರಲಿ

ಮನೆಗೆ ಬೀಗ ಹಾಕಿ, ಕೀಲಿಕೈಯನ್ನು ಬಾಗಿಲ ಪಕ್ಕದ ಮೊಳೆಗೇ ತೂಗುಹಾಕಿ ಸಂತೆಗೆ ಹೋಗುವ ಗೃಹಿಣಿಯನ್ನು ನೀವು ಕಂಡಿದ್ದೀರಾ? ನಾನಂತೂ ಕಂಡಿಲ್ಲ. ಆದರೆ ಯಲಹಂಕದಲ್ಲಿ ನಾವು ಹೆಂಗಸರು ಉಳಿತಾಯದ ಹಣ ಕಟ್ಟುವ ಸಂಘವೊಂದರಲ್ಲಿ ಅಂಥದೇ ನೋಟ ಕಂಡೆ. ಕಂಪ್ಯೂಟರಿನ ಅಂಚಿಗೆ ಹಳದಿ ಚೀಟಿ ಅಂಟಿಸಿತ್ತು. ಅದರ ಮೇಲೆ ಸಂಘದ ಹೆಸರು, ಮುಂದೆ 123. "ಏನಮ್ಮಾ ಇದು?" ಅಂದೆ. "ಪಾಸ್‌ವರ್ಡ್ ಆಂಟಿ, ಮರೆತುಹೋಗತ್ತೆ ಅಂತ ಬರೆದಿಟ್ಟಿದೀವಿ" ಎಂದು ಆ ಹುಡುಗಿ ನಕ್ಕಳು. ನನಗೆ ನಗು ಬರಲಿಲ್ಲ. ನಮ್ಮೆಲ್ಲರ ಸಾಸಿವೆ ಡಬ್ಬಿಯ ದುಡ್ಡು ಅದರೊಳಗಿತ್ತು!

ಹೆಬ್ಬಾಳದ ಹತ್ತಿರ ಮಾನ್ಯತಾ ಟೆಕ್ ಪಾರ್ಕಿನಲ್ಲಿ ಕೆಲಸ ಮಾಡುವ ಅಕ್ಕನ ಮಗ ಭಾನುವಾರ ಊಟಕ್ಕೆ ಬಂದಾಗ ಕೇಳಿದೆ: "ಈ ಕಳ್ಳರಿಗೆ ಪಾಸ್‌ವರ್ಡ್ ಹೇಗೆ ಗೊತ್ತಾಗತ್ತಪ್ಪಾ? ಮಾಟ ಮಂತ್ರವೇ?"

"ಮಂತ್ರ ಅಲ್ಲ ಚಿಕ್ಕಮ್ಮ, ತಾಳ್ಮೆ. ಅದೂ ಯಂತ್ರದ ತಾಳ್ಮೆ" ಅಂದ.

ಅವನು ವಿವರಿಸಿದ್ದನ್ನು ನಮ್ಮ ಅಡಿಗೆಮನೆಯ ಮಾತಿನಲ್ಲಿ ಹೇಳುತ್ತೇನೆ. ಒಳ್ಳೆಯ ಸಂಸ್ಥೆಗಳು ನಮ್ಮ ಪಾಸ್‌ವರ್ಡನ್ನು ಇದ್ದ ಹಾಗೇ ಬರೆದಿಡುವುದಿಲ್ಲ. ಬೀಸಿ ಹಿಟ್ಟು ಮಾಡಿ ಇಡುತ್ತವೆ. ಹಿಟ್ಟನ್ನು ಮತ್ತೆ ಅಕ್ಕಿ ಮಾಡಲಾಗದು, ಸರಿ. ಆದರೆ ಹಿಟ್ಟಿನ ಡಬ್ಬವನ್ನೇ ಕದ್ದ ಕಳ್ಳ ಏನು ಮಾಡುತ್ತಾನೆ? ತನಗೆ ತೋಚಿದ ಪದಗಳನ್ನೆಲ್ಲ ಅದೇ ಗಿರಣಿಗೆ ಹಾಕಿ ಬೀಸುತ್ತಾನೆ. ಯಾವುದರ ಹಿಟ್ಟು ಡಬ್ಬದ ಹಿಟ್ಟಿಗೆ ಹೋಲಿತೋ ಅದೇ ನಮ್ಮ ಪಾಸ್‌ವರ್ಡ್!

ಯಂತ್ರವು ಸೆಕೆಂಡಿಗೆ ಒಂದು ಕೋಟಿ ಪದ ಬೀಸುತ್ತದೆ ಎಂದಿಟ್ಟುಕೊಳ್ಳಿ. ಆರು ಇಂಗ್ಲಿಷ್ ಸಣ್ಣಕ್ಷರಗಳ ಪಾಸ್‌ವರ್ಡ್‌ಗಳು ಒಟ್ಟು ಸುಮಾರು 30 ಕೋಟಿ 89 ಲಕ್ಷ. ಅಷ್ಟನ್ನೂ ಬೀಸಿ ಮುಗಿಸಲು 31 ಸೆಕೆಂಡು ಸಾಕು. ಒಗ್ಗರಣೆ ಸಿಡಿಯುವಷ್ಟು ಹೊತ್ತು. ಅದೇ ಹನ್ನೆರಡು ಅಕ್ಷರವಾದರೆ? ಸುಮಾರು ಮುನ್ನೂರು ವರ್ಷ! ಇದಕ್ಕಿಂತ ಬಹಳ ವೇಗದ ಯಂತ್ರಗಳೂ ಉಂಟು. ಅದಕ್ಕೇ ಪಾಸ್‌ವರ್ಡ್ ಉದ್ದವಾದಷ್ಟೂ ಕ್ಷೇಮ.

ಆದರೆ ಕಳ್ಳ ಮೊದಲು ಬೀಸುವುದು ನಾವು ಸಾಮಾನ್ಯವಾಗಿ ಇಡುವ ಪದಗಳನ್ನೇ. 2009ರಲ್ಲಿ ಅಮೆರಿಕದ ರಾಕ್‌ಯೂ ಎಂಬ ಕಂಪನಿಯಿಂದ 3 ಕೋಟಿ 20 ಲಕ್ಷಕ್ಕೂ ಹೆಚ್ಚು ಪಾಸ್‌ವರ್ಡ್‌ಗಳು ಕಳುವಾದವು. ಅವನ್ನು ಬೀಸಿರಲೇ ಇಲ್ಲ, ಇಡೀ ಅಕ್ಕಿಯೇ! ಅದರಲ್ಲಿ ಎಲ್ಲಕ್ಕಿಂತ ಹೆಚ್ಚು ಜನ ಇಟ್ಟುಕೊಂಡಿದ್ದದ್ದು 123456. ಮಗುವಿನ ಹೆಸರು, ಹುಟ್ಟಿದ ವರ್ಷ, ಮನೆದೇವರು ಇವೆಲ್ಲ ಕಳ್ಳನ ಪಟ್ಟಿಯಲ್ಲಿ ಮೊದಲೇ ಇರುತ್ತವೆ.

ಒಬ್ಬರ ಪಾಸ್‌ವರ್ಡಿನಿಂದ ಇಡೀ ಸಂಸ್ಥೆ ಮುಳುಗೀತೇ ಎಂದು ನೀವು ಕೇಳಬಹುದು. ಮುಳುಗಿದ್ದುಂಟು. ಇಂಗ್ಲೆಂಡಿನಲ್ಲಿ ಕೆ.ಎನ್.ಪಿ. ಎಂಬ ಲಾರಿ ಸಂಸ್ಥೆಯಿತ್ತು. ಅದರ ಹಳೆಯ ಶಾಖೆ 1865ರಷ್ಟು ಹಿಂದಿನದು. ಸುಮಾರು 500 ಲಾರಿಗಳು. 2023ರ ಜೂನ್‌ನಲ್ಲಿ ಕಳ್ಳರು ಒಬ್ಬ ನೌಕರರ ಪಾಸ್‌ವರ್ಡನ್ನು ಊಹಿಸಿ ಒಳಹೊಕ್ಕರೆಂದು ನಂಬಲಾಗಿದೆ. ಲೆಕ್ಕಪತ್ರವನ್ನೆಲ್ಲ ತಾವೇ ಬೀಗ ಹಾಕಿ ಬಿಡುಗಡೆಗೆ ಹಣ ಕೇಳಿದರು. ಅದೇ ಸೆಪ್ಟೆಂಬರಿನಲ್ಲಿ ಸಂಸ್ಥೆ ಮುಚ್ಚುವ ದಾರಿ ಹಿಡಿಯಿತು. ಸುಮಾರು 700 ಜನರ ಅನ್ನ ಹೋಯಿತು. ಆ ನೌಕರರಿಗೆ 'ನಿಮ್ಮದೇ ಪಾಸ್‌ವರ್ಡ್' ಎಂದು ಹೇಳಲು ಅದರ ನಿರ್ದೇಶಕರಿಗೆ ಮನಸ್ಸು ಬರಲಿಲ್ಲವಂತೆ.

ನಮ್ಮ ಬೆಂಗಳೂರಿಗೂ ಪೆಟ್ಟು ಬಿದ್ದಿದೆ. 2025ರ ಜುಲೈಯಲ್ಲಿ ಕಾಯಿನ್‌ಡಿಸಿಎಕ್ಸ್ ಎಂಬ ಕ್ರಿಪ್ಟೋ ಹಣದ ಕಂಪನಿಯಿಂದ 4 ಕೋಟಿ 40 ಲಕ್ಷ ಡಾಲರ್ ಹೋಯಿತು. ನಮ್ಮ ಲೆಕ್ಕದಲ್ಲಿ 370 ಕೋಟಿ ರೂಪಾಯಿಗೂ ಮೇಲೆ. ಇಲ್ಲಿನ ಒಬ್ಬ ಉದ್ಯೋಗಿಯ ಲ್ಯಾಪ್‌ಟಾಪಿನಿಂದ ಕಳ್ಳರು ಪ್ರವೇಶದ ಗುಟ್ಟನ್ನು ಪಡೆದರೆಂಬುದು ಪೊಲೀಸರ ಅನುಮಾನ. ಅಂದರೆ ಊಹಿಸಲಾಗದ ಪಾಸ್‌ವರ್ಡನ್ನೂ ಕದಿಯಬಹುದು. ಆದ್ದರಿಂದಲೇ ಒಂದು ಬೀಗ ಸಾಲದು, ಎರಡು ಬೇಕು.

ಇದನ್ನೆಲ್ಲ ನಮ್ಮ ಸಂಘದ ಸಭೆಯಲ್ಲಿ ಹೇಳಿದೆ. "ಆ ಹುಡುಗೀನ ಬೈಬೇಕು" ಅಂತ ಒಬ್ಬರೆಂದರು. ಬೈದು ಏನು ಬಂತು? ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಈಗ ಚೀಟಿ ಹೋಗಿದೆ. ಕೆಲಸದವರಿಗೆಲ್ಲ ಬೇರೆ ಬೇರೆ ಪಾಸ್‌ವರ್ಡ್, ಜೊತೆಗೆ ಮೊಬೈಲಿಗೆ ಬರುವ ಸಂಖ್ಯೆ.

ನೀವು ಹಣ ಕಟ್ಟುವ ಸಂಘದಲ್ಲಿ, ಮಕ್ಕಳ ಶಾಲೆಯಲ್ಲಿ, ಯಜಮಾನರ ಅಂಗಡಿಯಲ್ಲಿ ಇವನ್ನು ವಿಚಾರಿಸಿ:

* ಸಂಬಂಧವಿಲ್ಲದ ನಾಲ್ಕೈದು ಪದ ಜೋಡಿಸಿ. 'ಹುಣಸೆ ಛತ್ರಿ ಎಮ್ಮೆ ಗಡಿಯಾರ' ಎಂಬಂತೆ. (ಇದನ್ನೇ ಇಡಬೇಡಿ, ಅಚ್ಚಾಗಿಬಿಟ್ಟಿದೆ!)
* ಒಂದೇ ಪಾಸ್‌ವರ್ಡ್ ಎರಡು ಕಡೆ ಬೇಡ. ಒಂದು ಕಡೆ ಕಳುವಾದರೆ ಎಲ್ಲ ಬಾಗಿಲೂ ತೆರೆದಂತೆ.
* ಮೊಬೈಲಿಗೆ ಬರುವ ಓಟಿಪಿ ಎರಡನೆಯ ಬೀಗ. ಯಾರು ಕೇಳಿದರೂ ಹೇಳಬೇಡಿ.
* ಕೆಲಸ ಬಿಟ್ಟುಹೋದವರ ಪ್ರವೇಶವನ್ನು ಅಂದೇ ಮುಚ್ಚಿಸಬೇಕು.
* ಹಣ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಮೊನ್ನೆ ಹಣ ಕಟ್ಟಲು ಹೋದಾಗ ಆ ಹುಡುಗಿಯನ್ನು ತಮಾಷೆಗೆ ಕೇಳಿದೆ: "ಹೊಸ ಪಾಸ್‌ವರ್ಡ್ ಏನಮ್ಮಾ?"

"ನಿಮಗೂ ಹೇಳಲ್ಲ ಆಂಟಿ" ಅಂದಳು. ಈ ಸಲ ಇಬ್ಬರೂ ನಕ್ಕೆವು.