‘ದೇಹಕ್ಕೆ ಒಗ್ಗಿಹೋಯ್ತು’ ಅನ್ನುವ ಮೊದಲು

‘ಮೊದಮೊದಲು ಚೆನ್ನಾಗಿ ಕೆಲಸ ಮಾಡ್ತಿತ್ತು, ಈಗ ಏನೂ ಗೊತ್ತಾಗ್ತಿಲ್ಲ.’ ನೆನಪಿನ ಶಕ್ತಿಗೆಂದು ಮಾತ್ರೆ, ಲೇಹ್ಯ, ಸಿರಪ್ಪು, ಪುಡಿ ಹಿಡಿದವರು ಬೇಗನೋ ತಡವಾಗಿಯೋ ಹೇಳುವ ಮಾತಿದು. ಪಿಯುಸಿ ಹುಡುಗನ ತಾಯಿಯೂ ಹೇಳುತ್ತಾರೆ, ನಿವೃತ್ತ ಮೇಷ್ಟರೂ ಹೇಳುತ್ತಾರೆ. ಕಾರಣ ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: ದೇಹಕ್ಕೆ ಒಗ್ಗಿಹೋಗಿದೆ. ಪರಿಹಾರವೂ ಸಿದ್ಧ: ಡೋಸ್ ಹೆಚ್ಚಿಸು, ಕಂಪನಿ ಬದಲಿಸು, ಇಲ್ಲವೇ ಸ್ವಲ್ಪ ದಿನ ಬಿಟ್ಟು ಮತ್ತೆ ಹಿಡಿ.

ಒಗ್ಗಿಹೋಗುವುದು ಸುಳ್ಳಲ್ಲ. ಆದರೆ ಅದು ಕೆಲವೇ ವಸ್ತುಗಳ ವಿಷಯದಲ್ಲಿ ನಿಜ. ಮಿಕ್ಕ ಕಡೆಯೆಲ್ಲ ಇದೇ ಒಂದು ಮಾತಿನ ಹಿಂದೆ ಬೇರೆ ಬೇರೆ ಸಂಗತಿಗಳು ಅಡಗಿರುತ್ತವೆ. ಯಾವುದು ಯಾವುದೆಂದು ಬಿಡಿಸಿ ನೋಡದೆ ಡೋಸ್ ಏರಿಸುವುದು ದುಡ್ಡಿಗೆ ದಂಡ, ಕೆಲವೊಮ್ಮೆ ನರಗಳಿಗೂ ಕೇಡು.

ತಪ್ಪು ಕಲ್ಪನೆ: ಕಾಫಿ ದಿನವೂ ತಲೆಯನ್ನು ಮಾಮೂಲಿಗಿಂತ ಚುರುಕು ಮಾಡುತ್ತದೆ, ಒಂದು ಲೋಟ ಸಾಲದಾದರೆ ಎರಡು ಕುಡಿದರಾಯಿತು

ಮಿದುಳನ್ನು ಚುರುಕುಗೊಳಿಸಲೆಂದು ಜಗತ್ತಿನಲ್ಲಿ ಅತಿ ಹೆಚ್ಚು ಜನ ಸೇವಿಸುವ ವಸ್ತು ಕೆಫೀನ್. ‘ಒಗ್ಗಿಹೋಗಿದೆ’ ಎಂಬ ಮಾತು ಅಕ್ಷರಶಃ ಒಪ್ಪುವುದೂ ಇದಕ್ಕೇ. ನಾವು ಎಚ್ಚರವಿರುವಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೋಸಿನ್ ಎಂಬ ರಾಸಾಯನಿಕ ಕೂಡುತ್ತಾ ಹೋಗುತ್ತದೆ. ಅದು ನರಕೋಶಗಳ ಗ್ರಾಹಕಗಳ ಮೇಲೆ ಕೂತಾಗ ಮಂಪರು ಕವಿಯುತ್ತದೆ. ಕೆಫೀನ್ ಅಲ್ಲಿಗೆ ಮೊದಲೇ ಹೋಗಿ ಜಾಗ ಹಿಡಿದುಬಿಡುತ್ತದೆ. ಆಯಾಸ ಇದ್ದಲ್ಲೇ ಇರುತ್ತದೆ, ಅದರ ಸುದ್ದಿ ಮಾತ್ರ ಮುಟ್ಟುವುದಿಲ್ಲ. ದಿನವೂ ಹೀಗೆ ಅಡ್ಡ ನಿಂತರೆ ಮಿದುಳೂ ಸುಮ್ಮನಿರುವುದಿಲ್ಲ. ಅಡೆನೋಸಿನ್‌ಗೆ ಹೆಚ್ಚು ಸೂಕ್ಷ್ಮವಾಗುತ್ತದೆ, ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಗ್ರಾಹಕಗಳ ಸಂಖ್ಯೆಯೇ ಹೆಚ್ಚಿದ್ದು ಕಂಡಿದೆ. ಆಮೇಲೆ ಅದೇ ಲೋಟ ಮೊದಲಿನ ಕೆಲಸ ಮಾಡುವುದಿಲ್ಲ.

ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದ ಪೀಟರ್ ರೋಜರ್ಸ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಕಣ್ಣು ತೆರೆಸುವಂಥದು. ಕಾಫಿ ಅಷ್ಟಾಗಿ ಕುಡಿಯದವರು, ಚೆನ್ನಾಗಿ ಕುಡಿಯುವವರು ಸೇರಿ 379 ಮಂದಿಯನ್ನು 16 ಗಂಟೆ ಕೆಫೀನ್ ಇಲ್ಲದೆ ಇರಿಸಿ, ಕೆಲವರಿಗೆ ಕೆಫೀನ್, ಕೆಲವರಿಗೆ ಹುಸಿಮಾತ್ರೆ ಕೊಟ್ಟರು. ದಿನವೂ ಕುಡಿಯುವವರು ಕೆಫೀನ್ ಸಿಕ್ಕಾಗ ಚೇತರಿಸಿಕೊಂಡದ್ದು ನಿಜ. ಆದರೆ ಏರಿದ್ದು ಎಲ್ಲಿಗೆ? ಕಾಫಿ ಅಷ್ಟಾಗಿ ಕುಡಿಯದವರು ಹುಸಿಮಾತ್ರೆ ನುಂಗಿ ಕೂತಿದ್ದ ಮಟ್ಟಕ್ಕೆ, ಅದಕ್ಕಿಂತ ಮೇಲಕ್ಕಲ್ಲ. ಬೆಳಗಿನ ಮೊದಲ ಲೋಟ ಕೊಡುವ ಆ ‘ತಲೆ ಬಿಚ್ಚಿಕೊಂಡಿತು’ ಎಂಬ ಸುಖದ ದೊಡ್ಡ ಪಾಲು ರಾತ್ರಿಯಿಡೀ ಕಾಫಿ ಇಲ್ಲದೆ ಕಳೆದುಕೊಂಡದ್ದನ್ನು ವಾಪಸು ಪಡೆದ ಸುಖ. ಇದನ್ನು ಬರೆಯುವಾಗಲೂ ಪಕ್ಕದಲ್ಲಿ ಲೋಟವಿದೆ. ರುಚಿಗೆ ಯಾವ ಅಧ್ಯಯನವೂ ಅಡ್ಡಿ ಮಾಡಿಲ್ಲ.

ಏಕಾದಶಿಯ ಉಪವಾಸದ ದಿನ ಮಧ್ಯಾಹ್ನಕ್ಕೆ ಶುರುವಾಗುವ ತಲೆನೋವನ್ನು ನಾವು ಹೊಟ್ಟೆಯ ಖಾತೆಗೆ ಬರೆಯುತ್ತೇವೆ. ನೀರು ಬಿಟ್ಟು ಬೇರೇನೂ ಮುಟ್ಟದ ಕಾಫಿಪ್ರಿಯರಲ್ಲಿ ಬಹಳ ಸಲ ಅದು ಕೆಫೀನ್ ಬಿಟ್ಟದ್ದರ ನೋವು. ಕೊನೆಯ ಲೋಟವಾದ 12ರಿಂದ 24 ಗಂಟೆಗೆ ಶುರುವಾಗಿ, ಒಂದೆರಡು ದಿನದಲ್ಲಿ ಉಚ್ಛ್ರಾಯಕ್ಕೆ ಹೋಗಿ, 2ರಿಂದ 9 ದಿನಗಳಲ್ಲಿ ಇಳಿಯುತ್ತದೆ. ಅಮೆರಿಕದ ಮನೋವೈದ್ಯರ ಸಂಘ 2013ರ ತನ್ನ ಕೈಪಿಡಿಯಲ್ಲಿ ಇದಕ್ಕೆ ಅಧಿಕೃತ ಜಾಗವನ್ನೇ ಕೊಟ್ಟಿದೆ. ತಲೆನೋವಿಗೆಂದು ನುಂಗುವ ಕೆಲವು ಮಾತ್ರೆಗಳಲ್ಲಿ ಕೆಫೀನೇ ಇರುವುದರಿಂದ ‘ಮಾತ್ರೆ ಕೆಲಸ ಮಾಡಿತು’ ಎಂಬ ಸಮಾಧಾನವೂ ಸ್ವಲ್ಪ ಅನುಮಾನದ್ದೇ.

ಇನ್ನು ಎರಡನೆಯ ಲೋಟದ ಲೆಕ್ಕ. ಕುಡಿದ ಕೆಫೀನ್ ದೇಹದಲ್ಲಿ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಬೇಕು. 2013ರ ಒಂದು ಅಮೆರಿಕನ್ ಪ್ರಯೋಗದಲ್ಲಿ, ಮಲಗುವ 6 ಗಂಟೆ ಮೊದಲು ತೆಗೆದುಕೊಂಡ 400 ಮಿಲಿಗ್ರಾಂ ಕೆಫೀನ್ ಕೂಡ ಒಂದು ಗಂಟೆಗೂ ಹೆಚ್ಚು ನಿದ್ದೆಯನ್ನು ಕಸಿದಿತ್ತು. ಸಂಜೆ ಹೆಚ್ಚಿಗೆ ಕುಡಿದವನ ನಿದ್ದೆ ತುಂಡಾಗುತ್ತದೆ, ಮಾರನೆಯ ದಿನ ತಲೆ ಮಂಕಾಗುತ್ತದೆ, ಅದಕ್ಕೆ ಇನ್ನೊಂದು ಲೋಟ. ಕಾಫಿಯ ಗುಣ ಕಡಿಮೆಯಾಯಿತೆಂದು ಅವನಿಗೆ ಅನ್ನಿಸುವಾಗ ನಿಜಕ್ಕೂ ಕಡಿಮೆಯಾಗಿರುವುದು ನಿದ್ದೆ.

ಕೆಲವೊಮ್ಮೆ ಕಾರಣ ದೇಹದಲ್ಲೂ ಇರುವುದಿಲ್ಲ, ಡಬ್ಬಿಯಲ್ಲಿರುತ್ತದೆ. ರೊಬಸ್ಟಾದಲ್ಲಿ ಅರೇಬಿಕಾದ ಹೆಚ್ಚುಕಡಿಮೆ ಎರಡರಷ್ಟು ಕೆಫೀನ್ ಇರುತ್ತದೆ. ಚಿಕೋರಿಯಲ್ಲಿ ಕೆಫೀನೇ ಇಲ್ಲ. ಚಿಕೋರಿ ಬೆರೆಸಿದ ಕಾಫಿಪುಡಿಯಲ್ಲಿ ಕಾಫಿ ಕನಿಷ್ಠ ಶೇಕಡಾ 51 ಇದ್ದರೆ ಸಾಕೆನ್ನುತ್ತದೆ ನಮ್ಮ ನಿಯಮ. ಮನೆಗೆ ತರುವ ಪುಡಿ 80–20ರಿಂದ 53–47ಕ್ಕೆ ಬದಲಾದರೆ, ಲೋಟ ಅದೇ, ಡಿಕಾಕ್ಷನ್ನಿನ ಬಣ್ಣ ಇನ್ನೂ ಕಪ್ಪು, ಕೆಫೀನ್ ಮಾತ್ರ ಮೂರನೇ ಒಂದು ಭಾಗ ಮಾಯ. ತಿರುಗಾಮುರುಗಾ ಆಗುವುದೂ ಉಂಟು: ಸಿಗರೇಟಿನ ಹೊಗೆ ಕೆಫೀನನ್ನು ದೇಹದಿಂದ ಬೇಗ ಹೊರದೂಡುವುದರಿಂದ, ಸಿಗರೇಟು ಬಿಟ್ಟವರಿಗೆ ಹಳೆಯ ಅಳತೆಯ ಕಾಫಿಯೇ ಎದೆ ಹೊಡೆದುಕೊಳ್ಳುವಷ್ಟು ಖಡಕ್ ಆಗಿಬಿಡುತ್ತದೆ.

ಒಗ್ಗಿದ್ದನ್ನು ಹಿಂದಕ್ಕೆ ತಿರುಗಿಸಬಹುದು. ಒಮ್ಮೆಲೇ ಬಿಡದೆ, ಕೆಲವು ವಾರಗಳಲ್ಲಿ ಕಾಲು ಕಾಲು ಭಾಗ ಇಳಿಸುತ್ತಾ ಬಂದರೆ ತಲೆನೋವಿನ ಕಾಟವೂ ಕಡಿಮೆ. ಏರಿಸುವ ದಾರಿಗೆ ಮಾತ್ರ ಕೊನೆಯಿದೆ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂ, ಗರ್ಭಿಣಿಯರಿಗೆ 200 ಮಿಲಿಗ್ರಾಂ ಕೆಫೀನ್‌ವರೆಗೆ ಚಿಂತೆಯಿಲ್ಲವೆಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಹೇಳಿದೆ.

ತಪ್ಪು ಕಲ್ಪನೆ: ಬ್ರಾಹ್ಮಿ ಹದಿನೈದು ದಿನ ಕೆಲಸ ಮಾಡಿ ಆಮೇಲೆ ನಿಂತುಹೋಗುತ್ತದೆ

ಹದಿನೈದು ದಿನದಲ್ಲಿ ಅದು ಕೆಲಸ ಶುರುಮಾಡಿತ್ತು ಎನ್ನುವುದಕ್ಕೇ ಆಧಾರ ಕಡಿಮೆ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯ ಕೆಲಸದಿಂದ ಹಿಡಿದು ಆಸ್ಟ್ರೇಲಿಯಾದ ಪ್ರಯೋಗಗಳವರೆಗೆ ಚೆನ್ನಾಗಿ ಅಧ್ಯಯನವಾಗಿರುವ ಗಿಡವೆಂದರೆ ನೀರುಬ್ರಾಹ್ಮಿ, ಅಂದರೆ ಬಕೋಪಾ. ಆಸ್ಟ್ರೇಲಿಯಾದಲ್ಲಿ 2001ರಲ್ಲಿ ಬಂದ ಎರಡು ವರದಿಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಒಂದೇ ಸಲ 300 ಮಿಲಿಗ್ರಾಂ ಸಾರ ಕೊಟ್ಟು ಎರಡು ಗಂಟೆಯ ನಂತರ ಪರೀಕ್ಷಿಸಿದಾಗ ಏನೂ ವ್ಯತ್ಯಾಸ ಕಾಣಲಿಲ್ಲ. ಅದೇ ಪ್ರಮಾಣವನ್ನು 12 ವಾರ ಕೊಟ್ಟಾಗ ಕಲಿಕೆಯ ಕೆಲವು ಅಳತೆಗಳಲ್ಲಿ ಸುಧಾರಣೆ ಕಂಡಿತು, ಆತಂಕವೂ ಇಳಿಯಿತು. ಮರುವರ್ಷ 40ರಿಂದ 65ರ ವಯಸ್ಸಿನ 76 ಮಂದಿಯ ಮೇಲೆ ಮೂರು ತಿಂಗಳು ನಡೆದ ಇನ್ನೊಂದು ಪ್ರಯೋಗದಲ್ಲಿ ಕಲಿಯುವ ವೇಗ ಬದಲಾಗಲಿಲ್ಲ. ಕಲಿತದ್ದು ಮರೆಯುವ ವೇಗ ತಗ್ಗಿತು.

ಇದನ್ನು ನಮ್ಮ ಮನೆಗಳ ಪದ್ಧತಿಗೆ ಹಚ್ಚಿ ನೋಡಿ. ಮಾರ್ಚಿನ ಪರೀಕ್ಷೆಗೆ ಫೆಬ್ರವರಿಯಲ್ಲಿ ಬಾಟಲಿ ಬರುತ್ತದೆ. ಮೊದಲ ವಾರದ ಹುರುಪು ಬಾಟಲಿಯದಲ್ಲ. ಅದೇ ವಾರ ಮೊಬೈಲು ಅಮ್ಮನ ಬೀರು ಸೇರಿರುತ್ತದೆ, ಟೈಮ್‌ಟೇಬಲ್ ಗೋಡೆಗೆ ಅಂಟಿರುತ್ತದೆ, ಎದುರಿಗೆ ಭಯವಿರುತ್ತದೆ. ಆ ಬಿಸಿ ಆರಿದಾಗ ‘ಬ್ರಾಹ್ಮಿ ಒಗ್ಗಿಹೋಯಿತು’. ಕೆಲಸ ಮಾಡಬಹುದಾಗಿದ್ದ ಕಾಲ ಬರುವ ಮೊದಲೇ ಬಾಟಲಿ ಮೂಲೆ ಸೇರುತ್ತದೆ, ಇಲ್ಲವೇ ಡೋಸ್ ಎರಡಾಗುತ್ತದೆ. ಡೋಸ್ ಎರಡಾದರೆ ಮೊದಲು ಎಚ್ಚರಗೊಳ್ಳುವುದು ಹೊಟ್ಟೆ: ಹೊಟ್ಟೆ ನುಲಿತ, ವಾಕರಿಕೆ, ಪದೇ ಪದೇ ಕಕ್ಕಸಿಗೆ ಹೋಗುವುದು ಈ ಗಿಡದ ಗೊತ್ತಿರುವ ಅಡ್ಡ ಪರಿಣಾಮಗಳು. ಪರೀಕ್ಷಾ ಕೊಠಡಿಗೆ ಇವು ಒಳ್ಳೆಯ ಜೊತೆಗಾರರಲ್ಲ.

ಇನ್ನೊಂದು ಗೊಂದಲವನ್ನು ಇಲ್ಲೇ ಮುಗಿಸೋಣ. ಮಲೆನಾಡು, ಕರಾವಳಿಗಳಲ್ಲಿ ಬ್ರಾಹ್ಮಿಯೆಂದು ತಂಬುಳಿ ಮಾಡುವ ಒಂದೆಲಗ ಬೇರೆಯದೇ ಗಿಡ. ಮೇಲಿನ ಪ್ರಯೋಗಗಳು ಅದರ ಮೇಲೆ ನಡೆದವಲ್ಲ. ತಂಬುಳಿಯನ್ನು ತಂಬುಳಿಯಾಗಿಯೇ ಸವಿಯಿರಿ.

ವರ್ಷಗಟ್ಟಲೆ ತೆಗೆದುಕೊಂಡರೆ ಬಕೋಪಾದ ಗುಣ ನಿಲ್ಲುತ್ತದೆಂಬ ಅಂಗಡಿಯವರ ಖಚಿತ ಮಾತಿಗಾಗಲಿ, ನಿಲ್ಲುವುದಿಲ್ಲವೆಂಬ ಜಾಹೀರಾತಿನ ಭರವಸೆಗಾಗಲಿ ಬುಡವಿಲ್ಲ. ಮುಖ್ಯ ಪ್ರಯೋಗಗಳೆಲ್ಲ ಮೂರು ತಿಂಗಳ ಆಸುಪಾಸಿಗೇ ಮುಗಿಯುತ್ತವೆ.

ತಪ್ಪು ಕಲ್ಪನೆ: ಬಿ12 ಮಾತ್ರೆ ಮೊದಲು ಪವಾಡ ಮಾಡಿತು, ಈಗ ಸತ್ವ ಕಳೆದುಕೊಂಡಿದೆ

ಸತ್ವ ಕಳೆದುಕೊಂಡಿಲ್ಲ, ಕೆಲಸ ಮುಗಿಸಿದೆ. ಮಾಂಸ, ಮೀನು, ಮೊಟ್ಟೆ ತಿನ್ನದವರಲ್ಲಿ, ಹಾಲು ಮೊಸರೂ ಕಡಿಮೆ ಇರುವವರಲ್ಲಿ, ಸಕ್ಕರೆ ಕಾಯಿಲೆಗೆ ಬಹುಕಾಲ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಬಿ12 ಕೊರತೆ ಮಾಮೂಲು. ಸುಸ್ತು, ಮರೆವು, ಕೈಕಾಲು ಜುಮ್ಮೆನ್ನುವುದು ಅದರ ಗುರುತು. ಕೊರತೆಯಿದ್ದವರಿಗೆ ಮಾತ್ರೆಯೋ ಇಂಜೆಕ್ಷನ್ನೋ ಬಿದ್ದಾಗ ಕಾಣುವ ಬದಲಾವಣೆ ನಾಟಕೀಯವಾಗಿರುತ್ತದೆ. ಹೊಸ ಕನ್ನಡಕ ಹಾಕಿದ ದಿನ ಮರದ ಒಂದೊಂದು ಎಲೆಯೂ ಬೆರಗಾಗಿ ಕಾಣುತ್ತದೆ. ತಿಂಗಳಾದ ಮೇಲೆ ಕನ್ನಡಕ ಮೂಗಿನ ಮೇಲಿದೆ ಎನ್ನುವುದೇ ಮರೆತಿರುತ್ತದೆ. ಹಾಗೆಂದು ಕನ್ನಡಕ ಸೋತಿತೆನ್ನುವುದಿಲ್ಲ. ಕೊರತೆ ತುಂಬಿದ ಮೇಲೆ ಇನ್ನೂ ಸುರಿದರೆ ಮಿದುಳು ಇನ್ನೂ ಚುರುಕಾಗುವುದಿಲ್ಲ. ಬಾಯಿಯಿಂದ ತೆಗೆದುಕೊಂಡ ದೊಡ್ಡ ಡೋಸಿನಲ್ಲಿ ದೇಹಕ್ಕೆ ಸೇರುವುದೇ ನೂರಕ್ಕೆ ಒಂದರಷ್ಟು.

ಅಪಾಯ ಬರುವುದು ಅದರ ಜೊತೆಗಾರನಿಂದ. ಬಿ12 ಬಹಳ ಸಲ ಬಿ-ಕಾಂಪ್ಲೆಕ್ಸ್ ಮಾತ್ರೆಯಲ್ಲಿ ಬಿ6ನ ಜೊತೆ ಬರುತ್ತದೆ. ಬಿ ಗುಂಪಿನ ವಿಟಮಿನ್ನು ಹೆಚ್ಚಾದರೆ ಮೂತ್ರದಲ್ಲಿ ಹೋಗುತ್ತದೆ ಬಿಡಿ ಎನ್ನುವುದು ಬಿ6ನ ಮಟ್ಟಿಗೆ ನಿಜವಲ್ಲ. ದೊಡ್ಡ ಪ್ರಮಾಣದಲ್ಲಿ ತಿಂಗಳುಗಟ್ಟಲೆ ಸೇರಿದರೆ ಅದು ನರಗಳನ್ನೇ ಕೆಡಿಸುತ್ತದೆ. ಯುರೋಪಿನ ಅದೇ ಪ್ರಾಧಿಕಾರ 2023ರಲ್ಲಿ ವಯಸ್ಕರಿಗೆ ದಿನಕ್ಕೆ 12 ಮಿಲಿಗ್ರಾಂ ಎಂದು ಮೇಲ್ಮಿತಿ ಹಾಕಿದೆ. ಅದರ ಎಷ್ಟೋ ಪಟ್ಟು ಇರುವ ಮಾತ್ರೆಗಳು ಅಂಗಡಿಯಲ್ಲಿ ಸಿಗುತ್ತವೆ. ಕ್ರೂರ ತಮಾಷೆಯೆಂದರೆ, ಬಿ6 ಅತಿಯಾದಾಗಲೂ ಕಾಣುವುದು ಅದೇ ಜುಮ್ಮೆನ್ನುವ ಪಾದಗಳು. ಮಾತ್ರೆ ಸಾಲದೆಂದು ಎರಡು ನುಂಗುವವರು, ಅದರಿಂದಲೇ ಹುಟ್ಟಿದ ಜುಮ್ಮಿಗೆ ಮೂರನೆಯದನ್ನು ನುಂಗಬಲ್ಲರು.

ತಪ್ಪು ಕಲ್ಪನೆ: ಆರಂಭದಲ್ಲಿ ಪರಿಣಾಮ ಆದದ್ದಂತೂ ನಿಜ, ನನಗೇ ಗೊತ್ತಾಗುತ್ತಿತ್ತು

ಗೊತ್ತಾಗುವುದಕ್ಕೂ ಆಗುವುದಕ್ಕೂ ನಡುವೆ ಎಷ್ಟು ದೂರವಿದೆ ಎನ್ನುವುದನ್ನು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು 2013ರಲ್ಲಿ ತೋರಿಸಿದರು. ವೈದ್ಯರ ಚೀಟಿಯಿಲ್ಲದೆ ಸಿಗದ, ಕಾಲೇಜು ಹುಡುಗರು ‘ಓದಿನ ಮಾತ್ರೆ’ ಎಂದು ಕದ್ದುಮುಚ್ಚಿ ನುಂಗುವ ಆಂಫೆಟಮಿನ್ ಔಷಧವನ್ನು 46 ಆರೋಗ್ಯವಂತರಿಗೆ ಕೊಟ್ಟು ಬಗೆಬಗೆಯ ಪರೀಕ್ಷೆ ಮಾಡಿದರು. ಅಂಕಗಳಲ್ಲಿ ಹೇಳಿಕೊಳ್ಳುವಂಥ ಏರಿಕೆ ಇರಲಿಲ್ಲ. ‘ನಾನು ಚೆನ್ನಾಗಿ ಮಾಡಿದೆ’ ಎಂಬ ನಂಬಿಕೆ ಮಾತ್ರ ಏರಿತ್ತು. ಅಷ್ಟು ಬಲವಾದ ಔಷಧದ ಪಾಡೇ ಹೀಗಾದರೆ ಬಣ್ಣದ ಡಬ್ಬಿಯ ಗುಳಿಗೆಗಳ ಬಗ್ಗೆ ನಮ್ಮ ಅನಿಸಿಕೆಯನ್ನು ಎಷ್ಟು ನಂಬಬೇಕು?

ಅನಿಸಿಕೆಗೆ ಇನ್ನೆರಡು ಊರೆಗೋಲುಗಳಿವೆ. ನಾವು ಮಾತ್ರೆ ಶುರುಮಾಡುವುದು ಮರೆವು ತೀರಾ ಹೆಚ್ಚಾದ ದಿನಗಳಲ್ಲಿ; ಅಂಥ ಕೆಟ್ಟ ವಾರಗಳು ಮಾತ್ರೆಯಿಲ್ಲದಿದ್ದರೂ ಕಳೆದುಹೋಗುತ್ತವೆ. ಜೊತೆಗೆ, ಮೊಬೈಲಿನ ನೆನಪಿನಾಟವನ್ನು ಎರಡನೆಯ ಸಲ ಆಡಿದರೆ ಯಾರಿಗಾದರೂ ಹೆಚ್ಚು ಅಂಕ ಬರುತ್ತದೆ. ಪ್ರಯೋಗಗಳಲ್ಲಿ ಹುಸಿಮಾತ್ರೆಯ ಗುಂಪನ್ನು ಇಡುವುದು ಇದಕ್ಕೇ, ಅವರೂ ಸುಧಾರಿಸುತ್ತಾರೆ.

ನೆನಪಿಗೆಂದು ನುಂಗುವ ಗಿಂಕ್ಗೊ ಎಂಬ ಮರದ ಎಲೆಯ ಸಾರದ ಕಥೆ ಇದನ್ನು ದೊಡ್ಡ ಅಳತೆಯಲ್ಲಿ ಹೇಳುತ್ತದೆ. ಅಮೆರಿಕದಲ್ಲಿ 75 ದಾಟಿದ 3,069 ಮಂದಿಗೆ ದಿನಕ್ಕೆರಡು ಸಲ 120 ಮಿಲಿಗ್ರಾಂ ಗಿಂಕ್ಗೊ ಅಥವಾ ಹುಸಿಮಾತ್ರೆ ಕೊಟ್ಟು ಸುಮಾರು ಆರು ವರ್ಷ ಗಮನಿಸಿದರು. 2008ರ ಫಲಿತಾಂಶ: ಬುದ್ಧಿಮಂಕಿನ ಕಾಯಿಲೆ ತಡೆಯುವುದರಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲ. ಮರುವರ್ಷದ ವರದಿ: ಮರೆವು ನಿಧಾನವಾಗಲೂ ಇಲ್ಲ. ಇಲ್ಲದ ಗುಣ ಕಾಲಕ್ರಮೇಣ ಕಳೆದುಹೋಗಲು ಸಾಧ್ಯವಿಲ್ಲ. ಬಿಟ್ಟು ಬಿಟ್ಟು ತೆಗೆದುಕೊಂಡರೂ ಅದು ಹೊಸದಾಗಿ ಹುಟ್ಟುವುದಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಗಿಂಕ್ಗೊ ಮುಟ್ಟಬಾರದು, ರಕ್ತಸ್ರಾವದ ಭಯವಿದೆ.

‘ಐದು ದಿನ ತಿನ್ನು, ಎರಡು ದಿನ ಬಿಡು’ ಎಂಬ ಸೂತ್ರವೂ ಈಚೆಗೆ ಎಲ್ಲ ಡಬ್ಬಿಗಳಿಗೂ ಅಂಟಿಕೊಂಡಿದೆ. ಕಾಫಿಗೆ ಹಚ್ಚಿದರೆ ವಾರಾಂತ್ಯದ ತಲೆನೋವು ಗ್ಯಾರಂಟಿ. ಬಕೋಪಾಕ್ಕೆ ಅಂಥ ಸೂತ್ರವನ್ನು ಆ ಪ್ರಯೋಗಗಳು ಬಳಸಿಲ್ಲ. ಬಿ12ರ ಮಟ್ಟಿಗೆ ಅದಕ್ಕೆ ಅರ್ಥವೇ ಇಲ್ಲ, ಯಕೃತ್ತು ಅದನ್ನು ವರ್ಷಗಳಿಗಾಗುವಷ್ಟು ಕೂಡಿಟ್ಟಿರುತ್ತದೆ.

ಮನೆಯ ಹಿರಿಯರ ಮರೆವು ಈಚಿನ ತಿಂಗಳುಗಳಲ್ಲಿ ಹೆಚ್ಚಾಗಿದ್ದರೆ, ಹಳೆಯ ಮಾತ್ರೆ ಕೆಲಸ ಬಿಟ್ಟಿತೆಂದು ಹೊಸ ಡಬ್ಬಿ ಕೊಳ್ಳಲು ಹೋಗಬೇಡಿ. ಬಿ12, ಥೈರಾಯ್ಡ್, ಸಕ್ಕರೆಯ ರಕ್ತಪರೀಕ್ಷೆ ಮಾಡಿಸಿ. ನಿದ್ದೆ, ಖಿನ್ನತೆ, ಕಿವಿ ಕೇಳಿಸುವುದರ ಬಗ್ಗೆ ವೈದ್ಯರ ಬಳಿ ಮಾತಾಡಿ. ಹೋಗುವಾಗ ಅವರು ನುಂಗುತ್ತಿರುವ ಎಲ್ಲ ಮಾತ್ರೆ, ಲೇಹ್ಯ, ಪುಡಿಗಳನ್ನೂ ಒಂದು ಚೀಲಕ್ಕೆ ಹಾಕಿ ಜೊತೆಗೆ ಒಯ್ಯಿರಿ. ಅಲರ್ಜಿಯ, ನಿದ್ದೆಯ ಕೆಲವು ಮಾತ್ರೆಗಳೇ ಮರೆವಿಗೆ ಕಾರಣವಾಗಿರುವುದುಂಟು.